ಗೋಡೆ ಬಂತು, ಮೂಜಿ ಬರಲಿಲ್ಲ

ಜುಲೈ 6, ಭಾನುವಾರ

ಇವತ್ತು ಒಂದೇ ದಿನ ಐದು ಜನ ಕೇಳಿದರು, "ಯಶ್ಮಿತಾ, ಸ್ಕೇಟಿಂಗ್ ಬಿಟ್ಟೆಯಂತೆ ಹೌದಾ?" ನಾನು ಸ್ಕೇಟಿಂಗ್ ಬಿಟ್ಟಿಲ್ಲ. ಸುಂದರ ಸರ್ ಮತ್ತು ಕುಶಲಾ ಟೀಚರನ್ನು ಬಿಡಬೇಕೆಂದಿದ್ದೇನೆ, ಅಷ್ಟೆ. ಅದನ್ನು ಅವರಿಗೇ ಇನ್ನೂ ಹೇಳಿಲ್ಲ. ಅಮ್ಮನಿಗೆ ಮಾತ್ರ ಹೇಳಿದ್ದು. ಅಮ್ಮ ಮಸ್ಕತ್‌ನಲ್ಲಿರುವ ಅಪ್ಪನಿಗೆ ಹೇಳಿದಳು, ಅಪ್ಪ ಚಿಕ್ಕಪ್ಪನಿಗೆ ಫೋನ್ ಮಾಡಿದರು. ಚಿಕ್ಕಪ್ಪನಿಗೆ ಹೇಳುವುದೂ ಒಂದೇ, ತೊಕ್ಕೊಟ್ಟು ಜಂಕ್ಷನ್ನಿನಲ್ಲಿ ಮೈಕ್ ಕಟ್ಟುವುದೂ ಒಂದೇ. ಮೀನು ಮಾರುವ ಗುಣವತಿ ಅಕ್ಕ ಬಂಗುಡೆ ಕೊಡುತ್ತಾ, "ಒಳ್ಳೇದಾಯ್ತು ಮಗಾ, ಕಾಲು ಮುರಿದ್ರೆ ಮದುವೆ ಹೇಗೆ?" ಎಂದರು. ಮಂಡೆ ಬಿಸಿ ಆಗದೆ ಎಂತ ಆಗುತ್ತದೆ?

ಹಾಗಾಗಿ ಇನ್ನು ಮೇಲೆ ಯಾರಿಗೂ ಹೇಳುವುದಿಲ್ಲ. ಹಳೆಯ ಅಕೌಂಟೆನ್ಸಿ ನೋಟ್ಸಿನ ಹಿಂಬದಿಯಲ್ಲಿ ಬರೆಯುತ್ತೇನೆ. ಈ ಪುಸ್ತಕವನ್ನು ಓದುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಕಾರಣವನ್ನೂ ಇಲ್ಲೇ ಬರೆದುಬಿಡುತ್ತೇನೆ, ಬಾಯಲ್ಲಂತೂ ಬರುವುದಿಲ್ಲ. ಎಂಟು ವರ್ಷದವಳಿದ್ದಾಗ ಬಲ್ಮಠದಲ್ಲಿ ಇವರ ಕ್ಲಬ್ಬಿನ ಸಿಮೆಂಟ್ ನೆಲಕ್ಕೆ ಹೋದವಳು ನಾನು, ಈಗ ಹತ್ತೊಂಬತ್ತು. ಸರ್ ಮತ್ತು ಟೀಚರ್ ಅಣ್ಣ ತಂಗಿ. ಸರ್ ಜಂಪ್ ಕಲಿಸುವವರು, ಟೀಚರ್ ಸ್ಪಿನ್ ಕಲಿಸುವವರು, ಡ್ರೆಸ್ಸೂ ಅವರೇ ಹೊಲಿಯುವುದು. ಟಿವಿಯಲ್ಲಿ ಐಸ್ ಮೇಲೆ ಮಾಡುವುದನ್ನೇ ನಾವು ನಾಲ್ಕು ಚಕ್ರದ ಮೇಲೆ ಮಾಡುತ್ತೇವೆ. ನಾನು ಜಂಪ್‌ಗೆ ಬರುವಾಗ ಸರ್ ಕಟಕಟೆಯ ಹೊರಗಿನಿಂದ ತುಳುವಿನಲ್ಲಿ ಎಣಿಸುತ್ತಾರೆ: "ಒಂಜಿ, ರಡ್ಡ್, ಮೂಜಿ!" ಮೂಜಿ ಅಂದರೆ ಮೂರು. ಮೂಜಿ ಅಂದ ಕೂಡಲೇ ನಾನು ಗಾಳಿಯಲ್ಲಿರುತ್ತೇನೆ. ಹನ್ನೊಂದು ವರ್ಷ ಹೀಗೇ ನಡೆಯಿತು.

ಡಿಸೆಂಬರಿನ ನ್ಯಾಷನಲ್ಸ್‌ನಲ್ಲಿ ಸರ್ ನಿಂತ ಕಡೆಯಲ್ಲೇ ದೊಡ್ಡ ಸ್ಪೀಕರ್ ಇತ್ತು. ನಾನು ಡಬಲ್ ಆಕ್ಸೆಲ್‌ಗೆ, ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗುವ ಜಂಪ್‌ಗೆ, ಬಂದೆ. ಕಾದೆ. ಗೋಡೆ ಬಂತು, ಮೂಜಿ ಬರಲಿಲ್ಲ. ಹಾರದೆ ಗೋಡೆಗೆ ಕೈ ಕೊಟ್ಟು ನಿಂತೆ, ಇಷ್ಟು ದೊಡ್ಡ ಹುಡುಗಿ. ಕಳೆದ ಸಲ ನಾಲ್ಕನೆಯವಳು, ಈ ಸಲ ಹದಿನಾಲ್ಕನೆಯವಳು. ಬರುವಾಗ ರೈಲಿನಲ್ಲಿ ಇಡೀ ದಾರಿ ಸರ್ ಸ್ಪೀಕರಿಗೆ ಬೈದರು. ನಾನು "ಹೌದು ಸರ್" ಎನ್ನುತ್ತಾ ಕೂತಿದ್ದೆ. ತಪ್ಪು ಸ್ಪೀಕರಿನದ್ದಲ್ಲ ಎಂದು ನನಗೆ ಗೊತ್ತಿತ್ತು.

ಜುಲೈ 9

ಹೇಳಲು ಹೋದೆ. ಸರ್ ನನ್ನ ಚಕ್ರದ ಬೇರಿಂಗ್ ಬಿಚ್ಚಿ ಎಣ್ಣೆ ಬಿಡುತ್ತಿದ್ದರು. ಹೇಳದೆ ಬಂದೆ. ಥೂ ನನ್ನ ಜನ್ಮಕ್ಕೆ.

ಜುಲೈ 13, ಭಾನುವಾರ

ಹೇಳಿ ಆಯಿತು. ಹೇಗೆ ಹೇಳಿದೆ ಎಂದು ನೆನೆದರೆ ಮಣ್ಣು ಅಗೆದು ಒಳಗೆ ಕೂರಬೇಕು ಅನಿಸುತ್ತದೆ.

ಅವರ ಮನೆಗೆ ಒಬ್ಬಳೇ ಹೋಗುತ್ತೇನೆ ಎಂದರೆ ಅಮ್ಮ ಕೇಳಬೇಕಲ್ಲ. "ಗುರುಗಳನ್ನು ಬಿಡುವುದು ಅಂದ್ರೆ ಬಸ್ ಬಿಟ್ಟ ಹಾಗಾ? ಕ್ರಮ ಉಂಟು," ಎಂದು ಒಂದು ಗೊನೆ ಕದಳಿ ಬಾಳೆಹಣ್ಣು, ವೀಳ್ಯ, ಅಡಿಕೆ, ಎರಡು ಸೀರೆಪೆಟ್ಟಿಗೆಯಷ್ಟು ದೊಡ್ಡ ಸ್ವೀಟ್ ಡಬ್ಬಿ ಹೊತ್ತು ಬಂದಳು. ಬಾಗಿಲು ತೆರೆದ ಕುಶಲಾ ಟೀಚರ್ ಬಾಳೆಗೊನೆ ನೋಡಿ ಮುಖ ಅರಳಿಸಿ, "ಎಂತ, ಮದುವೆ ಗೊತ್ತಾಯ್ತಾ?" ಎಂದರು. ಅಮ್ಮ ನಕ್ಕಳು. ನಾನು ಅಳುವುದೊಂದು ಬಾಕಿ.

"ನಾನು ಶಹನಾಝ್ ಅಕ್ಕನ ಹತ್ತಿರ ಹೋಗ್ಬೇಕು ಅಂತ ಉಂಟು," ಎಂದೆ. ಪಣಂಬೂರಿನ ಹತ್ತಿರ ಮರದ ನೆಲ ಹಾಕಿಸಿ ಕಲಿಸುವ ಶಹನಾಝ್ ಅಕ್ಕನೂ ಒಂದು ಕಾಲದಲ್ಲಿ ಇವರ ಶಿಷ್ಯೆಯೇ.

ಸರ್ ಪೇಪರಿನಿಂದ ತಲೆ ಎತ್ತದೆ ಕೇಳಿದರು, "ಯಾಕೆ?"

ಎಷ್ಟು ಸಲ ಕನ್ನಡಿಯ ಎದುರು ಅಭ್ಯಾಸ ಮಾಡಿದ್ದೆ! ಬಾಯಲ್ಲಿ ಬಂದದ್ದು, "ಕಾಲೇಜಿಗೆ ಹತ್ತಿರ ಆಗ್ತದೆ ಸರ್."

"ಕಾಲೇಜು ನಮ್ಮ ಎದುರೇ ಉಂಟಲ್ಲ?" ಎಂದರು ಟೀಚರ್.

ಉಂಟು. ರಸ್ತೆ ದಾಟಿದರೆ ಕಾಲೇಜಿನ ಗೇಟು. ಪಣಂಬೂರಿಗೆ ನನಗೆ ಎರಡು ಬಸ್ಸು. ಅಮ್ಮ ನನ್ನನ್ನು ನೋಡಿದಳು, ನಾನು ಸ್ವೀಟ್ ಡಬ್ಬಿಯನ್ನು ನೋಡಿದೆ. ಸರ್ ಪೇಪರಿನ ಹಾಳೆ ಮಗುಚಿ, "ಆ ಸ್ಪೀಕರಿನವನನ್ನು ಹಿಡಿದು ಎರಡು ಕೊಡಬೇಕಿತ್ತು," ಎಂದರು. ಟೀಚರ್ ಚಹಾ ತಂದರು. ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ, ಕೇಳುವ ಧೈರ್ಯ ಯಾರಿಗಿತ್ತು?

ಜುಲೈ 18

ಹೊಸ ಕ್ಲಬ್ಬಿನ ಹೆಸರಿನಲ್ಲಿ ರಾಜ್ಯ ಆಯ್ಕೆಗೆ ನಿಲ್ಲಬೇಕಾದರೆ ಹಳೆಯ ಕ್ಲಬ್ಬಿನಿಂದ ಬಿಡುಗಡೆ ಪತ್ರ ಬೇಕು. ಅಸೋಸಿಯೇಷನ್ನಿಗೆ ಆಗಸ್ಟ್ ಹತ್ತರ ಒಳಗೆ ಮುಟ್ಟಬೇಕು. ತಪ್ಪಿದರೆ ಈ ವರ್ಷ ಎಲ್ಲಿಯೂ ನಿಲ್ಲುವ ಹಾಗಿಲ್ಲ, ಮನೆಯಲ್ಲಿ ಕೂತು ಗುಣವತಿ ಅಕ್ಕನ ಸಲಹೆ ಕೇಳುವುದು. ಅರ್ಧ ಹಾಳೆಯ ಫಾರಂ. ಒಂದು ಸಹಿ, ಒಂದು ಸೀಲು. ಸೀಲು ಇರುವುದು ಟೀಚರ ಕಪಾಟಿನಲ್ಲಿ.

ಸಂಜೆ ಹೋದೆ. ಟೀಚರ್ ಫಾರಂ ಓದಿ ಮಡಚಿ ನನ್ನ ಕೈಗೇ ಕೊಟ್ಟರು. "ನಿನ್ನೆಯಿಂದ ಆಟಿ. ಆಟಿಯಲ್ಲಿ ಇದೆಲ್ಲ ಕೊಡುವುದಿಲ್ಲ." ಆಟಿ ಅಂದರೆ ನಡು ಮಳೆಗಾಲದ ತುಳು ತಿಂಗಳು, ಯಾವ ಶುಭಕಾರ್ಯಕ್ಕೂ ಆಗದ್ದು.

"ಟೀಚರ್, ಇದು ಬರೀ ಫಾರಂ."

"ಆಟಿಯಲ್ಲಿ ಮದುವೆಯಾದ ಹುಡುಗಿಯೇ ತವರಿಗೆ ಬಂದು ಕೂತ್ಕೊಳ್ತಾಳೆ. ನೀನು ಆಟಿಯಲ್ಲೇ ಮನೆ ಬಿಟ್ಟು ಹೋಗ್ತೇನೆ ಅಂತೀಯಲ್ಲ! ಸೋಣ ಬರಲಿ, ನೋಡುವ."

ಸೋಣ ತಿಂಗಳು ಬರುವುದು ಆಗಸ್ಟ್ ಹದಿನೇಳಕ್ಕೆ. ಹೇಳಿದೆ. ಕೇಳಿಸಿಕೊಳ್ಳಲಿಲ್ಲ. ತಟ್ಟೆ ತುಂಬ ಪತ್ರೊಡೆ ಹಾಕಿಕೊಟ್ಟರು. ತಿಂದು ಬಂದೆ. ಪತ್ರೊಡೆ ಚೆನ್ನಾಗಿತ್ತು, ಅದೊಂದು ಬೇರೆ ಸಿಟ್ಟು.

ಮನೆಯಲ್ಲಿ ಅಮ್ಮನಿಗೆ ಹೇಳಿದರೆ, "ಅವರು ಹೇಳುವುದರಲ್ಲಿ ತಪ್ಪೆಂತ ಉಂಟು? ನೀನು ಹದಿನಾರನೇ ತಾರೀಕಿನ ಒಳಗೆ ಕೇಳ್ಬೇಕಿತ್ತು," ಅಂತಾಳೆ. ನನ್ನ ಪಕ್ಷದಲ್ಲಿ ಪಂಚಾಂಗವೂ ಇಲ್ಲ, ಅಮ್ಮನೂ ಇಲ್ಲ.

ಜುಲೈ 20, ಭಾನುವಾರ

ಪತ್ರ ಬರುವವರೆಗೆ ಸುಮ್ಮನೆ ಅಭ್ಯಾಸಕ್ಕೆ ಬಾ ಎಂದಿದ್ದಾರೆ ಶಹನಾಝ್ ಅಕ್ಕ. ಹೋದೆ. ನೇತ್ರಾವತಿ ಸೇತುವೆಯ ಮೇಲೆ ಬಸ್ಸು ಮುಕ್ಕಾಲು ಗಂಟೆ ನಿಂತಿತು, ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ಬಸ್ಸು ತಪ್ಪಿತು. ಮರದ ನೆಲ ನುಣುಪು ಎಂದರೆ ನುಣುಪು. ನಮ್ಮ ಸಿಮೆಂಟಿನ ಹಾಗೆ ಕಾಲಿಗೆ ನಡುಕ ಬರುವುದಿಲ್ಲ.

ಡಬಲ್ ಆಕ್ಸೆಲ್‌ಗೆ ಬಂದೆ. ಶಹನಾಝ್ ಅಕ್ಕ ಕೈಕಟ್ಟಿ ನಿಂತಿದ್ದರು. ಒಂದು ಶಬ್ದ ಇಲ್ಲ. ಗೋಡೆ ಬಂತು.

"ಎಂತ ಆಯ್ತು ಹೇಳು," ಎಂದರು.

"ಗೊತ್ತಿಲ್ಲ ಅಕ್ಕ."

"ಇನ್ನೊಂದು ಸಲ."

ಹದಿನೇಳು ಸಲ. ಹದಿನೇಳು ಸಲವೂ "ಎಂತ ಆಯ್ತು ಹೇಳು," ಹದಿನೇಳು ಸಲವೂ "ಗೊತ್ತಿಲ್ಲ." ಗೊತ್ತಿದ್ದರೆ ಇವರ ಹತ್ತಿರ ಯಾಕೆ ಬರುತ್ತಿದ್ದೆ? ಅಲ್ಲಿ ಇಡೀ ದಿನ ಕಿರುಚುವ ಸರ್, ಇಲ್ಲಿ ಬಾಯಿಗೆ ಬೀಗ ಹಾಕಿದ ಅಕ್ಕ. ಬೆಂಕಿಯಿಂದ ಬಾಣಲೆಗೆ ಬಿದ್ದೆನೋ, ಬಾಣಲೆಯಿಂದ ಬೆಂಕಿಗೋ, ದೇವರೇ ಬಲ್ಲ.

ಜುಲೈ 24, ಆಟಿ ಅಮಾವಾಸ್ಯೆ

ಈ ದಿನದ ಕ್ರಮದ ಹಾಗೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿದೆ. ಕಹಿ. ಆಮೇಲೆ ಟೀಚರಿಗೆ ಫೋನ್ ಮಾಡಿ ಪತ್ರ ಕೇಳಿದೆ. "ಕಷಾಯ ಕುಡಿದಿಯಾ?" ಎಂದು ವಿಚಾರಿಸಿ ಇಟ್ಟರು.

ಜುಲೈ 29

ಇವತ್ತು ಮನಸ್ಸಿನಲ್ಲೇ ಒಂಜಿ, ರಡ್ಡ್, ಮೂಜಿ ಎಂದು ಎಣಿಸಿ ನೋಡಿದೆ. ಹಾರಲಿಕ್ಕೆ ಆಯಿತು, ಬಿದ್ದೆ. ಸೊಂಟದ ಮೇಲೆ ಬಿದ್ದೆ, ಮೊಣಕೈ ಮೇಲೆ ಬಿದ್ದೆ, ಒಮ್ಮೆ ಹೇಗೆ ಬಿದ್ದೆ ಎಂದೇ ಗೊತ್ತಾಗಲಿಲ್ಲ.

"ಯಾರು ಎಣಿಸಿದ್ದು?" ಎಂದರು ಶಹನಾಝ್ ಅಕ್ಕ.

"ನಾನೇ."

"ಸುಳ್ಳು. ನಿನ್ನ ಮಂಡೆಯ ಒಳಗೆ ಸುಂದರ ಸರ್ ಕೂತಿದ್ದಾರೆ. ನನ್ನ ಮಂಡೆಯಲ್ಲಿಯೂ ಎರಡು ವರ್ಷ ಕೂತಿದ್ರು ಮಾರಾಯ್ತಿ. ಬಾಡಿಗೆ ಇಲ್ಲದೆ."

ನಗು ಬಂತು. ನಕ್ಕದ್ದಕ್ಕೆ ಸೊಂಟ ನೋವಾಯಿತು. ನಿಮಗೆ ಹೇಗೆ ಹೋದರು ಎಂದು ಕೇಳಿದೆ. "ಗೊತ್ತಿಲ್ಲ," ಎಂದರು. ನೋಡಿ, ಇವರು ಹೇಳಬಹುದು ಗೊತ್ತಿಲ್ಲ ಎಂದು, ನಾನು ಹೇಳಬಾರದು.

ಆಗಸ್ಟ್ 4

ಆರು ದಿನ ಉಂಟು. ಟೀಚರ ಮನೆಗೆ ಮೂರನೇ ಸಲ. ಈ ಸಲ ಕಣಿಲೆ ಪಲ್ಯ. ಬಾಯಿ ಕಟ್ಟಿಸುವುದಕ್ಕೆ ಇವರ ಅಡಿಗೆಮನೆಯಲ್ಲಿ ಎಷ್ಟು ಬಗೆ ಉಂಟೋ! ತಿನ್ನುವುದಿಲ್ಲ ಎಂದೆ. ಹನ್ನೊಂದು ವರ್ಷದಲ್ಲಿ ಅವರ ಮನೆಯಲ್ಲಿ ಮೊದಲ ಸಲ ಬೇಡ ಅಂದದ್ದು.

"ಟೀಚರ್, ಆಟಿಯಲ್ಲಿ ನೀವು ಮಕ್ಕಳನ್ನು ಸೇರಿಸಿಕೊಳ್ತೀರಿ. ಮೊನ್ನೆ ಮೂವರು ಸೇರಿದ್ರು. ಬರ್ಲಿಕ್ಕೆ ಆಟಿ ಇಲ್ಲ, ಹೋಗ್ಲಿಕ್ಕೆ ಮಾತ್ರ ಆಟಿಯಾ?"

ಟೀಚರ ಮುಖ ಸಣ್ಣದಾಯಿತು. ನನ್ನ ಎದುರಿದ್ದ ತಟ್ಟೆಯನ್ನು ತೆಗೆದು ಒಳಗೆ ಹೋದರು. ಹೋದವರು ಬರಲೇ ಇಲ್ಲ. ಹತ್ತು ನಿಮಿಷ ಕಾದು ಚಪ್ಪಲಿ ಹಾಕಿದೆ. ಕಿಟಕಿಯಲ್ಲಿ ನೋಡಿದರೆ, ಹೊಲಿಗೆ ಮೆಷಿನ್ನಿನ ಹತ್ತಿರ ಕೂತು ನನ್ನ ಹಳೆಯ ನೀಲಿ ಡ್ರೆಸ್ಸಿನ ಮಣಿ ಬಿಚ್ಚುತ್ತಿದ್ದರು. ಯಾವುದೋ ಸಣ್ಣ ಮಗುವಿಗೆ ಹೊಲಿಯುವುದಕ್ಕಿರಬೇಕು. ಸಿಟ್ಟು ಪೂರ್ತಿ ಇದ್ದಿದ್ದರೆ ಒಳ್ಳೇದಿತ್ತು, ಅರ್ಧ ಸಿಟ್ಟು ಹೊತ್ತುಕೊಂಡು ಬಸ್ಸಿನಲ್ಲಿ ನಿಲ್ಲುವುದು ಕಷ್ಟ.

ರಾತ್ರಿ ಅಪ್ಪನ ಫೋನ್. "ಎಂತ ಬೇಕಾದ್ರೂ ಮಾಡು, ಅವರ ಶಾಪ ತಗೊಳ್ಬೇಡ." ಶಾಪವಂತೆ! ಅವರು ಸೀಲನ್ನೇ ಕೊಡುವುದಿಲ್ಲ, ಶಾಪ ಎಲ್ಲಿಂದ ಕೊಡುತ್ತಾರೆ?

ಆಗಸ್ಟ್ 8, ಶುಕ್ರವಾರ

ಇವತ್ತಿನದ್ದನ್ನು ಸರಿಯಾಗಿ ಬರೆಯಬೇಕು.

ಯಾರಿಗೂ ಹೇಳದೆ ಬೆಳಿಗ್ಗೆ ಆರೂವರೆಗೆ ಬಲ್ಮಠಕ್ಕೆ ಹೋದೆ. ಕ್ಲಾಸಿಗೆ ಮಕ್ಕಳು ಬರುವ ಮೊದಲು ಸರ್ ಒಬ್ಬರೇ ಇರುತ್ತಾರೆ. ತಗಡು ಸೋರಿ ನೆಲ ತುಂಬ ನೀರು. ಸರ್ ಲುಂಗಿ ಎತ್ತಿಕಟ್ಟಿ ರಬ್ಬರಿನ ಉದ್ದ ವೈಪರಿನಲ್ಲಿ ನೀರು ತಳ್ಳುತ್ತಿದ್ದರು. ನಾನು ಬ್ಯಾಗು ಇಟ್ಟು ಇನ್ನೊಂದು ವೈಪರ್ ತೆಗೆದುಕೊಂಡೆ. ಇಬ್ಬರೂ ಸೇರಿ ಅರ್ಧ ನೆಲ ಮುಗಿಸಿದೆವು.

"ಫಾರಂ ತಂದಿದ್ದೀಯಾ?" ಎಂದರು.

ತಂದಿದ್ದೆ. ಲುಂಗಿಯ ಸೊಂಟದಿಂದ ಪ್ಲಾಸ್ಟಿಕ್ ಚೀಲ ತೆಗೆದರು. ಒಳಗೆ ಸೀಲು, ಇಂಕಿನ ಪ್ಯಾಡು. "ಆಟಿ ಕುಶಲಾಳಿಗೆ. ನನಗೆ ಇಲ್ಲ. ಅವಳಿಗೆ ಹೇಳ್ಬೇಡ, ಸೋಣ ಬರುವವರೆಗೆ." ಅರುವತ್ತೆರಡು ವರ್ಷದ ಮನುಷ್ಯ, ತಂಗಿಯ ಕಪಾಟಿನಿಂದ ಕದ್ದು ತಂದಿದ್ದಾರೆ.

ಬೆಂಚಿನ ಮೇಲೆ ಕೂತು ಹೆಸರು, ವಯಸ್ಸು, ಎಷ್ಟು ವರ್ಷದ ತರಬೇತಿ ಎಲ್ಲ ತುಂಬಿಸಿದರು. 'ಬಿಡಲು ಕಾರಣ' ಎಂಬಲ್ಲಿ ಪೆನ್ನು ನಿಂತಿತು. "ಕಾಲೇಜಿಗೆ ಹತ್ತಿರ ಅಂತ ಬರೆಯುವುದಾ?"

ಕಿವಿ ಬಿಸಿಯಾಯಿತು. ಇನ್ನು ಹೇಳದಿದ್ದರೆ ಜನ್ಮದಲ್ಲಿ ಹೇಳುವುದಿಲ್ಲ ಎಂದು ತಿಳಿಯಿತು.

"ಸರ್, ಸ್ಪೀಕರಿನ ತಪ್ಪಲ್ಲ. ನೀವು ಎಣಿಸದಿದ್ರೆ ನನಗೆ ಹಾರ್ಲಿಕ್ಕೆ ಬರುವುದಿಲ್ಲ. ಗೋಡೆ ಬಂತು, ಮೂಜಿ ಬರಲಿಲ್ಲ. ನಿಮ್ಮ ಹತ್ತಿರ ಇದ್ರೆ ನೀವು ಎಣಿಸದೆ ಇರುವುದಿಲ್ಲ, ನಾನು ಕಾಯದೆ ಇರುವುದಿಲ್ಲ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಸುಲಭವಿತ್ತು. ಅವರು ಒದ್ದೆ ನೆಲವನ್ನೇ ನೋಡುತ್ತಿದ್ದರು.

"ಸಣ್ಣದಿರುವಾಗ ನೀನು ತುಂಬ ಹೆದರ್ತಿದ್ದೆ. ಎಣಿಸಿದ್ರೆ ಹಾರ್ತಿದ್ದೆ," ಎಂದರು. "ಆಮೇಲೆ ನಿಲ್ಲಿಸ್ಬೇಕಿತ್ತು. ನನಗೆ ನೆನಪಾಗ್ಲಿಲ್ಲ."

ಅಷ್ಟು ಹೇಳಿ ಬರೆದರು. ಸೀಲು ಒತ್ತಿ, ಬಾಯಿಂದ ಊದಿ ಒಣಗಿಸಿ ಕೊಟ್ಟರು. ಕಾರಣದ ಜಾಗದಲ್ಲಿ ಅವರ ದುಂಡು ಅಕ್ಷರದಲ್ಲಿತ್ತು: ತರಬೇತುದಾರರ ತಪ್ಪು.

"ಸರ್, ಹೀಗೆ ಬೇಡ. ವೈಯಕ್ತಿಕ ಕಾರಣ ಅಂತ ಬರೆಯಿರಿ. ಎಲ್ಲರೂ ಹಾಗೇ ಬರೆಯುವುದು."

"ಅಸೋಸಿಯೇಷನ್‌ನವರು ಎಂತ ಓದ್ತಾರೆ? ಸೀಲು ಉಂಟಾ ನೋಡ್ತಾರೆ, ಅಷ್ಟೆ. ಹೋಗು, ಬಸ್ ತಪ್ತದೆ."

ಕಾಲಿಗೆ ಬೀಳಲು ಬಗ್ಗಿದರೆ, "ನೆಲ ಒದ್ದೆ ಉಂಟು," ಎಂದು ವೈಪರ್ ಎತ್ತಿಕೊಂಡು ಹೋಗಿಬಿಟ್ಟರು. ಬಸ್ ಸ್ಟಾಪಿನಲ್ಲಿ ಅತ್ತೆ. ಯಾರೋ ಅಜ್ಜಿ "ಪರೀಕ್ಷೆಯಲ್ಲಿ ಫೇಲಾ ಮಗಾ?" ಎಂದು ಕೇಳಿದರು. ಈ ಊರಿನಲ್ಲಿ ಒಂಟಿಯಾಗಿ ಅಳುವುದಕ್ಕೂ ಬಿಡುವುದಿಲ್ಲ.

ಆಗಸ್ಟ್ 9

ಫಾರಂ ಕೊಟ್ಟೆ. ಕ್ಲಾರ್ಕ್ ಸೀಲನ್ನು ಮಾತ್ರ ನೋಡಿದ.

ಆಗಸ್ಟ್ 19

ಸೋಣ ಬಂದು ಎರಡು ದಿನ. ಟೀಚರ ಫೋನ್ ಇಲ್ಲ. ನಾನೂ ಮಾಡಲಿಲ್ಲ. ಮಾಡಿದರೆ ಕದ್ದ ಸೀಲಿನ ವಿಷಯ ಬಾಯಿಂದ ಬೀಳುತ್ತದೆ.

ಇವತ್ತು ಎಣಿಸದೆ ಹಾರಿದ ಹನ್ನೆರಡು ಜಂಪ್‌ಗಳಲ್ಲಿ ಮೂರು ನಿಂತವು. ಉಳಿದ ಒಂಬತ್ತರಲ್ಲಿ ಎಡಭುಜ ಮೊದಲೇ ತಿರುಗುತ್ತದೆ, ಅದರಿಂದ ಬಲಗಾಲು ಮೇಲೆ ಬರುವುದರ ಬದಲು ಸುತ್ತ ಹೋಗುತ್ತದೆ. ಶಹನಾಝ್ ಅಕ್ಕನಿಗೆ ಇದನ್ನೇ ಹೇಳಿದರೆ "ಹೂಂ" ಎಂದರು. ಹೂಂ! ಫೀಸ್ ತೆಗೆದುಕೊಳ್ಳುವವರು ಅವರು, ತಪ್ಪು ಹುಡುಕುವವಳು ನಾನು.

ಆಗಸ್ಟ್ 26

ಹತ್ತರಲ್ಲಿ ಆರು. ಮಂಡಿಯನ್ನು ಇನ್ನೂ ಸ್ವಲ್ಪ ತಡವಾಗಿ ಬಗ್ಗಿಸಬೇಕು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಅಮ್ಮ ಕೇಳುತ್ತಾಳೆ, ಆಯ್ಕೆಗೆ ಯಾವ ಬಣ್ಣದ ಡ್ರೆಸ್, ಯಾರು ಹೊಲಿಯುವುದು ಎಂದು. ರೆಡಿಮೇಡ್ ಎಂದೆ. ಅಯ್ಯೋ ಎಂದಳು. ನನಗೂ ಅಯ್ಯೋ ಅನಿಸಿತು, ಬಾಯಿ ಬಿಡಲಿಲ್ಲ.

ಆಗಸ್ಟ್ 31, ಭಾನುವಾರ

ಎರಡನೇ ಸ್ಥಾನ. ರಾಜ್ಯ ತಂಡದಲ್ಲಿ ಹೆಸರು ಬಂತು. ಮೊದಲು ಇದನ್ನು ಬರೆದುಬಿಡುತ್ತೇನೆ, ಮನೆಯಲ್ಲಿ ಚಿಕ್ಕಪ್ಪ ಆಗಲೇ ಎಲ್ಲರಿಗೂ ಮೊದಲನೇ ಸ್ಥಾನ ಎಂದು ಹೇಳಿ ಆಗಿದೆ.

ಈ ಸಲ ಆಯ್ಕೆ ನಮ್ಮ ಪಣಂಬೂರಿನ ಮರದ ನೆಲದಲ್ಲೇ ನಡೆಯಿತು. ಸರ್ ಮತ್ತು ಟೀಚರ್ ಅವರ ಸಣ್ಣ ಮಕ್ಕಳನ್ನು ಕರೆದುಕೊಂಡು ಬಂದು ಆಚೆ ಬದಿಯಲ್ಲಿ ಕೂತಿದ್ದರು. ಟೀಚರ್ ನನ್ನ ಡ್ರೆಸ್ಸನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ್ದು ಅಷ್ಟು ದೂರಕ್ಕೂ ಕಂಡಿತು.

ಡಬಲ್ ಆಕ್ಸೆಲ್ ಎರಡನೇ ನಿಮಿಷದಲ್ಲಿ. ಭುಜ ತಡೆದೆ, ಮಂಡಿ ಬಗ್ಗಿಸಿದೆ, ಹೋದೆ. ಇಳಿದಾಗ ಚಕ್ರ ಸ್ವಲ್ಪ ಕಿರುಗುಟ್ಟಿತು, ನಿಂತೆ. ಅಷ್ಟೆ. ಬರೆಯಲು ಹೊರಟರೆ ಅದರಲ್ಲಿ ಹೆಚ್ಚೇನೂ ಇಲ್ಲ.

ಹೊರಗೆ ಬಂದು ನೀರು ಕುಡಿಯುವಾಗ ಶಹನಾಝ್ ಅಕ್ಕ ನಗುತ್ತಾ ಹೇಳಿದರು, "ಪಾಪ ಸುಂದರ ಸರ್. ರೆಫ್ರಿ ವಾರ್ನಿಂಗ್ ಕೊಟ್ರು."

"ಯಾಕೆ?"

"ಯಾಕಂತೆ! ನೀನು ಜಂಪ್‌ಗೆ ಬರುವಾಗ ಎದ್ದು ನಿಂತು ಎಣಿಸಿದ್ರಲ್ಲ ಮಾರಾಯ್ತಿ. ಮೂಜಿ ಅಂತ ಕಿರುಚಿದ್ದು ಬಂದರಿನ ಹಡಗಿನವರಿಗೂ ಕೇಳಿರ್ಬೇಕು."

ನಾನು ತಮಾಷೆ ಎಂದುಕೊಂಡೆ. ಅಷ್ಟರಲ್ಲಿ ಸರ್ ತಾವೇ ಬಂದರು, ಹಿಂದೆ ಟೀಚರ್. ಬೆವರಿದ್ದರು, ನನಗಿಂತ ಹೆಚ್ಚು. ಶಾಭಾಸ್ ಇಲ್ಲ, ಕೈ ಕೊಡುವುದೂ ಇಲ್ಲ. "ಕೇಳಿತಾ?" ಎಂದರು.

ಹೌದು ಸರ್ ಎಂದರೆ ಎಲ್ಲರಿಗೂ ಸಂತೋಷ. ಹನ್ನೊಂದು ವರ್ಷ ಇವರು ಎಂತ ಕೇಳಿದರೂ ನಾನು ಹೇಳಿದ್ದು ಅದೊಂದೇ.

"ಇಲ್ಲ ಸರ್. ಕೇಳ್ಲೇ ಇಲ್ಲ."

ಅವರು ನನ್ನನ್ನು ನೋಡಿದರು. ಆಮೇಲೆ ತಂಗಿಯ ಕಡೆ ತಿರುಗಿ, ಮಾರ್ಕ್ಸ್ ಕಾರ್ಡ್ ಓದಿ ಹೇಳುವವರ ಹಾಗೆ ಹೇಳಿದರು, "ಕುಶಲಾ, ಅವಳಿಗೆ ಕೇಳ್ಲಿಲ್ಲಂತೆ."

"ಆಟಿಯಲ್ಲಿ ಕದ್ದು ಕಳಿಸಿದ್ದಲ್ವಾ, ಕಿವಿಯೂ ಹೋಗಿರ್ತದೆ," ಎಂದರು ಟೀಚರ್. ಸೀಲಿನ ಕಳ್ಳತನ ಅವರಿಗೆ ಅದೇ ದಿನ ಗೊತ್ತಾಗಿತ್ತಂತೆ. ಹೇಳುತ್ತಾ ನನ್ನ ಡ್ರೆಸ್ಸಿನ ಹೆಗಲನ್ನು ಎಳೆದು ಸರಿ ಮಾಡಿದರು. "ಎಂತ ಹೊಲಿಗೆ ಇದು? ನ್ಯಾಷನಲ್ಸಿಗೆ ಇದನ್ನು ಹಾಕಿದ್ರೆ ಕಾಲು ಮುರೀತೇನೆ. ನಾಳೆ ಬಾ, ಅಳತೆ ತೆಗೀಲಿಕ್ಕೆ ಉಂಟು." ಕಣ್ಣು ತುಂಬಿತ್ತು, ಬೈಗುಳ ನಿಲ್ಲಲಿಲ್ಲ.

ಆಮೇಲೆ ಅವರ ಕ್ಲಬ್ಬಿನ ತನುಶ್ರೀ ಎಂಬ ಎಂಟು ವರ್ಷದ ಮಗುವಿನ ಸರದಿ. ಸರ್ ಕಟಕಟೆಗೆ ಓಡಿದರು. ಮಗು ಜಂಪ್‌ಗೆ ಬಂತು. ಸರ್ ಬಾಯಿ ತೆರೆದರು, ಮುಚ್ಚಿದರು, ಎರಡೂ ಕೈಯಲ್ಲಿ ಕಟಕಟೆಯ ಕಂಬಿ ಹಿಡಿದು ನಿಂತರು. ಎಣಿಸಲಿಲ್ಲ. ಆ ಮಗು ಕಾಯುತ್ತಾ ಕಾಯುತ್ತಾ ಗೋಡೆಯವರೆಗೆ ಹೋಗಿ, ಗೋಡೆಗೆ ಕೈ ಕೊಟ್ಟು, ತಿರುಗಿ ಸರ್ ಮುಖ ನೋಡಿ ಅಳಲು ಶುರುಮಾಡಿತು. ಆಗಲೂ ಈ ಮನುಷ್ಯ ಬಾಯಿ ಬಿಡಬೇಕಲ್ಲ! ಎಣಿಸಿ ಸರ್, ಎಂದು ಕಿರುಚಬೇಕೆನಿಸಿತು ನನಗೆ.

ನಡುವಿನ ದಾರಿ ಎಂಬುದೇ ಇವರಿಗೆ ಗೊತ್ತಿಲ್ಲ. ಎಣಿಸಿದರೆ ಹನ್ನೊಂದು ವರ್ಷ, ನಿಲ್ಲಿಸಿದರೆ ಒಂದೇ ದಿನದಲ್ಲಿ. ಎಂಟು ವರ್ಷದ ಮಗು ಅದು, ಹೆದರುತ್ತದೆ, ಅದಕ್ಕೆ ಎಣಿಸಬೇಕು. ನಾಳೆ ಅಳತೆ ಕೊಡಲು ಹೇಗೂ ಬಲ್ಮಠಕ್ಕೆ ಹೋಗಲಿಕ್ಕುಂಟು. ಸರ್ ಅವರನ್ನು ಕೂರಿಸಿ ಹೇಳುತ್ತೇನೆ: ಇನ್ನು ಎರಡು ವರ್ಷ ಎಣಿಸಿ, ಆಮೇಲೆ ನಿಲ್ಲಿಸಿ. ನೆನಪು ಮಾಡಲು ನಾನು ಬರುತ್ತೇನೆ.